ಇಬ್ಬರು ಸೊಸೆಯರು: ‘ವಂಶವೃಕ್ಷ’ವೂ ಜಪಾನಿನ ಕುಟುಂಬಚಿತ್ರವೂ

ವಿವಾಹದ ವಿಷಯದಲ್ಲಿ ಹಿರಿಯರಿಗೂ ಕಿರಿಯರಿಗೂ ಒದಗುವ ವಿರಸವು ಜಪಾನಿನ ಕುಟುಂಬಚಿತ್ರಗಳ ಪ್ರಧಾನ ವಸ್ತುಗಳಲ್ಲೊಂದು. ಇದರ ಹಿಂದೆ ಒಂದು ಶಾಸನದ ಇತಿಹಾಸವುಂಟು. 1898ರ ಪೌರಸಂಹಿತೆಯ ಪ್ರಕಾರ ಮನೆಯ ಯಜಮಾನನ ಸಮ್ಮತಿ ವಿವಾಹಕ್ಕೆ ಅಗತ್ಯವಾಗಿದ್ದಿತು. 1947ರಲ್ಲಿ ಜಾರಿಗೆ ಬಂದ ಸಂವಿಧಾನದ 24ನೆಯ ವಿಧಿಯಾದರೋ ವಧೂವರರಿಬ್ಬರ ಒಪ್ಪಿಗೆಯೊಂದೇ ಸಾಕೆಂದು ಸಾರಿತು. ಯಸುಜಿರೊ ಓಜು (1903-1963) ನಿರ್ದೇಶಿಸಿದ ‘ಬಾನ್‌ಶುನ್’ (1949), ‘ಹಿಗನ್‌ಬಾನ’ (1958) ಮೊದಲಾದ ಚಿತ್ರಗಳು ಈ ಸ್ಥಿತ್ಯಂತರದ ತರುವಾಯ ಬಂದವು. ಆಜ್ಞಾಪಿಸುವ ಅಧಿಕಾರವನ್ನು ಕಳೆದುಕೊಂಡ ತಂದೆಗೆ ಇಲ್ಲಿ ಉಳಿದಿರುವುದು ಮಮತೆ, ಮುನಿಸು ಹಾಗೂ ಉಪಾಯ. ‘ಬಾನ್‌ಶುನ್’ ಚಿತ್ರದ ತಂದೆಯು ಮಗಳನ್ನು ಮದುವೆಗೆ ಒಪ್ಪಿಸುವ ಸಲುವಾಗಿ, ತಾನೇ ಪುನರ್ವಿವಾಹವಾಗುವೆನೆಂದು ಸುಳ್ಳು ನಟಿಸುತ್ತಾನೆ.

ಕನ್ನಡದಲ್ಲಿ ಇದಕ್ಕೆ ಸಮೀಪವಾದ ಕೃತಿ ‘ವಂಶವೃಕ್ಷ’. ಎಸ್. ಎಲ್. ಭೈರಪ್ಪನವರ 1965ರ ಕಾದಂಬರಿಯನ್ನು ಆಧರಿಸಿದ ಈ ಚಿತ್ರಕ್ಕಾಗಿ ಬಿ. ವಿ. ಕಾರಂತ ಹಾಗೂ ಗಿರೀಶ ಕಾರ್ನಾಡರಿಗೆ 1971ನೆಯ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿ ಸಂದಿತು. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳ ಮಗ ಕಪಿಲೆಯಲ್ಲಿ ಮುಳುಗಿ ತೀರಿಕೊಳ್ಳುತ್ತಾನೆ. ಸೊಸೆ ಕಾತ್ಯಾಯನಿ ಮೈಸೂರಿನ ಕಾಲೇಜಿಗೆ ಸೇರಿ, ಅಲ್ಲಿ ಅಧ್ಯಾಪಕ ರಾಜಾರಾಯನನ್ನು ಪ್ರೀತಿಸಿ ವರಿಸುತ್ತಾಳೆ. ತನ್ನ ಮಗುವನ್ನು ಮಾತ್ರ ಮಾವನ ಮನೆಯಲ್ಲಿಯೇ ಬಿಡಬೇಕಾಗುತ್ತದೆ.

ಓಜುವಿನ ‘ಟೋಕಿಯೋ ಮೊನೊಗತಾರಿ’ಯಲ್ಲಿಯೂ (1953) ವಿಧವೆಯಾದ ಸೊಸೆಯೊಬ್ಬಳಿದ್ದಾಳೆ. ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡ ನೊರಿಕೊ ಮರುಮದುವೆಯನ್ನು ಬಯಸುವುದಿಲ್ಲ. ಮಾವನೇ ಅದಕ್ಕಾಗಿ ಆಗ್ರಹಪಡಿಸಿ, ತೀರಿಹೋದ ಪತ್ನಿಯ ಗಡಿಯಾರವನ್ನು ಅವಳಿಗೆ ಕೊಡುತ್ತಾನೆ. ಇಷ್ಟರಿಂದಲೇ ಜಪಾನಿನ ಹಿರಿಯರು ಉದಾರಿಗಳು, ನಮ್ಮವರು ಕಠೋರರು ಎಂದು ನಿರ್ಣಯಿಸುವುದು ಸಲ್ಲದು. ನೊರಿಕೊಗೆ ಮಕ್ಕಳಿಲ್ಲ, ಕಾತ್ಯಾಯನಿಗೆ ಮಗನಿದ್ದಾನೆ. ಆ ಮಗನೇ ವಂಶದ ಪಿಂಡಾಧಿಕಾರಿ. ಶ್ರೋತ್ರಿಗಳು ಸೊಸೆಯನ್ನು ಬಲಾತ್ಕಾರದಿಂದ ತಡೆಯುವುದಿಲ್ಲ. ಅವರ ನಿಷ್ಠೆ ಇರುವುದು ಕುಲದ ಸಾತತ್ಯದಲ್ಲಿ. ಮುಂದೆ ತಾವೇ ಆ ವಂಶದ ಔರಸ ಸಂತಾನವಲ್ಲವೆಂದು ಅವರಿಗೆ ತಿಳಿದಾಗ, ತಾಯಿಮಗುವನ್ನು ಅಗಲಿಸಿದ ತತ್ತ್ವದ ಬುಡವೇ ಅಲುಗುತ್ತದೆ.

ಶ್ರೋತ್ರಿಗಳ ಮನೆಯನ್ನು ಇಡೀ ಕನ್ನಡನಾಡಿನ ಪ್ರತಿರೂಪವೆಂದು ಭಾವಿಸುವುದೂ ತಪ್ಪಾಗುತ್ತದೆ. ಇಂದಿನ ಗದಗ ಜಿಲ್ಲೆಯ ಬೆಳ್ಳಟ್ಟಿಯೇ ಮೊದಲಾದ ಊರುಗಳನ್ನೊಳಗೊಂಡ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿ ‘ಉಡಿಕೆ’ ಎಂಬ ವಿಧವಾವಿವಾಹದ ರೂಢಿ ಬಹುಕಾಲದಿಂದ ಇದ್ದಿತು. ಅಲ್ಲಿಯೂ ಮೊದಲ ಗಂಡನ ಮಕ್ಕಳು ಬಹುಮಟ್ಟಿಗೆ ಅವನ ಕುಲಕ್ಕೇ ಸೇರುತ್ತಿದ್ದರು. ಬ್ರಿಟಿಷ್ ಭಾರತದ 1856ರ ವಿಧವಾ ಪುನರ್ವಿವಾಹ ಶಾಸನವೂ ಮರುಮದುವೆಯಾದವಳ ಮಕ್ಕಳ ಪಾಲನೆಗೆ ಬೇರೊಬ್ಬರನ್ನು ನೇಮಿಸುವಂತೆ ಮೃತನ ಬಂಧುಗಳು ನ್ಯಾಯಾಲಯವನ್ನು ಕೋರಲು ಎಡೆಗೊಟ್ಟಿತ್ತು.

ಆದುದರಿಂದ ಈ ಚಿತ್ರಗಳನ್ನು ಅಭ್ಯಸಿಸುವವರು ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವುದು ಯುಕ್ತ: ಹೆಣ್ಣು ಮತ್ತೆ ಮದುವೆಯಾಗಬಹುದೇ ಎಂಬುದೊಂದು, ಆಕೆ ಹೆತ್ತ ಮಗು ಯಾರದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ರೂಢಿಯೋ ಶಾಸನವೋ ಉತ್ತರವಿತ್ತಿದ್ದರೂ, ಎರಡನೆಯದರ ಭಾರವನ್ನು ಹೊತ್ತವಳು ತಾಯಿಯೇ.