ಬರಲಿರುವ ಆಟಕ್ಕೆ ಮುಂಗಡ ಹಣ: ‘ಸೀಸನ್ ಪಾಸ್’ ಕೊಳ್ಳಬೇಕೆ?

ವಿಡಿಯೋ ಗೇಮ್ ಕೊಡಿಸಿದ ಮರುದಿನವೇ ಮಕ್ಕಳು ‘ಸೀಸನ್ ಪಾಸ್’ಗೆ ಹಣ ಕೇಳುವುದು ನಮ್ಮಲ್ಲಿ ಅನೇಕರ ಮನೆಯ ಅನುಭವ. ಆ ಆಟಕ್ಕೆ ಮುಂದಿನ ತಿಂಗಳುಗಳಲ್ಲಿ ಸೇರಲಿರುವ ಅಧ್ಯಾಯ, ಪಾತ್ರ, ನಕಾಶೆಗಳಿಗೆ ಒಟ್ಟಾಗಿ ಈಗಲೇ ಹಣ ತೆರುವ ವ್ಯವಸ್ಥೆಯಿದು. ಮುಂಬಯಿಯ ನಮಗೆ ಪಾಸ್ ಎಂದರೆ ಲೋಕಲ್ ರೈಲಿನದು. ಅಲ್ಲಿ ವೇಳಾಪಟ್ಟಿ ಕೈಯಲ್ಲಿರುತ್ತದೆ. ಇಲ್ಲಿ ಗಾಡಿ ಯಾವುದೆಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ.

ಬಿಡಿಯಾಗಿ ಕೊಳ್ಳುವುದಕ್ಕಿಂತ ಇದು ಅಗ್ಗವೆಂಬ ಮಾರಾಟಗಾರರ ಮಾತು ಪೂರ್ತಿ ಸುಳ್ಳಲ್ಲ. 2015ರಲ್ಲಿ ‘ಫಾಲ್‌ಔಟ್ 4’ರ ಪಾಸನ್ನು ಒಳಗೇನಿದೆಯೆಂದು ವಿವರಿಸದೆಯೇ 30 ಡಾಲರಿಗೆ ಮಾರಲಾಯಿತು. 2016ರ ಮಾರ್ಚ್‌ನಲ್ಲಿ ಬೆಲೆ 50 ಡಾಲರಿಗೇರಿತು. ನಂಬಿ ಕೊಂಡವರಿಗೆ 20 ಡಾಲರ್ ಉಳಿಯಿತು. ‘ದ ವಿಚರ್ 3’ 25 ಡಾಲರಿಗೆ ಎರಡು ವಿಸ್ತರಣೆಗಳನ್ನು ಕೊಟ್ಟಿತು. ಅವುಗಳಲ್ಲಿ ‘ಬ್ಲಡ್ ಅಂಡ್ ವೈನ್’ ಒಂದು ಸ್ವತಂತ್ರ ಆಟದಷ್ಟು ವಿಸ್ತಾರವಾದುದು.

ಆದರೆ ಅದೇ 2015ರಲ್ಲಿ ‘ಬ್ಯಾಟ್‌ಮನ್: ಆರ್ಕಮ್ ನೈಟ್’ ಆಟದ ಪಾಸಿಗೆ 40 ಡಾಲರ್ ಕೊಟ್ಟವರ ಪಾಡು ಬೇರೆ. ಕಂಪ್ಯೂಟರಿಗಾಗಿ ಬಂದ ಮೂಲ ಆಟವೇ ದೋಷಗಳಿಂದಾಗಿ ಜೂನ್‌ನಲ್ಲಿ ಮಾರಾಟದಿಂದ ಹಿಂದೆಗೆಯಲ್ಪಟ್ಟು, ಅಕ್ಟೋಬರ್‌ನಲ್ಲಷ್ಟೇ ಮರಳಿತು.

ಕಾಯುವವರಿಗೆ ಇನ್ನೊಂದು ಅನುಕೂಲವಿದೆ. ವಿಚರ್‌ನ ಎಲ್ಲ ಭಾಗಗಳೂ ಕೂಡಿದ ಸಮಗ್ರ ಆವೃತ್ತಿ 2016ರ ಆಗಸ್ಟ್‌ನಲ್ಲಿಯೂ, ಫಾಲ್‌ಔಟ್‌ನದು 2017ರ ಸೆಪ್ಟೆಂಬರ್‌ನಲ್ಲಿಯೂ ಬಂದವು. ಗೆಳೆಯರೊಡನೆ ಜಾಲದಲ್ಲಿ ಆಡುವ ಆಟಗಳಲ್ಲಿ ಮಾತ್ರ ಕಾಯುವುದು ಕಷ್ಟ. ಹೊಸ ನಕಾಶೆ ಇಲ್ಲದವನು ಗುಂಪಿನಿಂದ ಹೊರಗುಳಿಯುತ್ತಾನೆ. ಉಳಿದಂತೆ, ಮೂಲ ಆಟವನ್ನು ಮಗ ಅರ್ಧವಾದರೂ ಆಡಿದ್ದಾನೆಯೇ ಎಂದು ನೋಡಿ ಹಣ ಕೊಡುವುದು ನಮ್ಮ ಮನೆಯ ರೂಢಿ.