ಹಲ್ಲುಚಕ್ರದ ಮುಂದೆ ಹತ್ತೊಂಬತ್ತು ನಿಮಿಷ

ಕಾಗದದ ಮೇಲೆ ಎರಡು ಹಲ್ಲುಚಕ್ರಗಳ ಚಿತ್ರ. ಚಿಕ್ಕದಕ್ಕೆ 12 ಹಲ್ಲು, ದೊಡ್ಡದಕ್ಕೆ 36. ಚಿಕ್ಕದು ಬಲಕ್ಕೆ ತಿರುಗಿದರೆ ದೊಡ್ಡದು ಯಾವ ಕಡೆಗೆ ತಿರುಗೀತು? ಚಿಕ್ಕದು ಮೂರು ಸುತ್ತು ಮುಗಿಸುವಷ್ಟರಲ್ಲಿ ದೊಡ್ಡದು ಎಷ್ಟು ಸುತ್ತಿರುತ್ತದೆ? ಯೋಚಿಸಲು ದೊರೆಯುವ ಅವಕಾಶ ಮುಕ್ಕಾಲು ನಿಮಿಷ. ಅಷ್ಟರಲ್ಲಿ ಉತ್ತರ ಹೊಳೆಯದಿದ್ದರೆ ಮುಂದಿನ ಪ್ರಶ್ನೆ ಕಾದಿರುತ್ತದೆ.

ಇಂತಹ ಪ್ರಶ್ನೆಗಳನ್ನು ಎದುರಿಸುವವರು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳಲ್ಲ. ಅಮೆರಿಕದ ಸೈನ್ಯ, ನೌಕಾಪಡೆ, ವಿಮಾನಪಡೆಗಳಲ್ಲಿ ಸಾಮಾನ್ಯ ಯೋಧರಾಗಿ ಸೇರಬಯಸುವ ಹದಿನೆಂಟು, ಇಪ್ಪತ್ತರ ತರುಣ ತರುಣಿಯರು. ಪರೀಕ್ಷೆಯ ಹೆಸರು ಬಲು ಉದ್ದ: ಆರ್ಮ್ಡ್ ಸರ್ವೀಸಸ್ ವೊಕೇಷನಲ್ ಆಪ್ಟಿಟ್ಯೂಡ್ ಬ್ಯಾಟರಿ. ಬಾಯಿಗೆ ಸುಲಭವಾಗಲೆಂದು ಅದನ್ನು ‘ಆಸ್‌ವ್ಯಾಬ್’ ಎನ್ನುತ್ತಾರೆ. ಇಲ್ಲಿ ಬ್ಯಾಟರಿ ಎಂದರೆ ವಿದ್ಯುತ್ಕೋಶವಲ್ಲ, ಪರೀಕ್ಷೆಗಳ ಒಂದು ಸಾಲು. ಆದರೂ ಆ ಸಾಲಿನಲ್ಲಿ ವಿದ್ಯುತ್ಕೋಶದ ಮೇಲೂ ಪ್ರಶ್ನೆ ಬರುವುದುಂಟು.

ಸೈನಿಕನ ಎದೆಯ ಅಗಲವನ್ನು ಅಳೆಯುವುದು ಹಳೆಯ ಪದ್ಧತಿ. ಅವನ ಬುದ್ಧಿಯನ್ನು ಅಳೆಯಬೇಕೆಂಬ ಯೋಚನೆ ಅಮೆರಿಕದಲ್ಲಿ ಕಾರ್ಯರೂಪಕ್ಕೆ ಬಂದದ್ದು 1917ರಲ್ಲಿ, ಮೊದಲನೆಯ ಮಹಾಯುದ್ಧಕ್ಕೆ ಆ ದೇಶ ಧುಮುಕಿದಾಗ. ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕ್ಸ್ ಮತ್ತು ಅವರ ಸಂಗಡಿಗರು ಓದುಬರಹ ಬಲ್ಲವರಿಗೆ ‘ಆಲ್ಫಾ’, ಬಾರದವರಿಗೆ ಚಿತ್ರಗಳ ‘ಬೀಟಾ’ ಎಂದು ಎರಡು ಪರೀಕ್ಷೆಗಳನ್ನು ರಚಿಸಿದರು. ಯುದ್ಧ ಮುಗಿಯುವ ವೇಳೆಗೆ ಸುಮಾರು 17 ಲಕ್ಷ ಮಂದಿ ಅವುಗಳನ್ನು ಬರೆದಿದ್ದರು. ಇಂದಿನ ಆಸ್‌ವ್ಯಾಬ್ ಹುಟ್ಟಿದ್ದು 1968ರಲ್ಲಿ. 1976ರಿಂದ ಎಲ್ಲ ಪಡೆಗಳಿಗೂ ಅದೊಂದೇ ಪರೀಕ್ಷೆ.

ಆ 1976ನೆಯ ವರ್ಷದಲ್ಲಿಯೇ ಒಂದು ವಿಚಿತ್ರ ಪ್ರಮಾದ ಘಟಿಸಿತು. ಹೊಸ ಪ್ರಶ್ನೆಪತ್ರಿಕೆಗಳ ಅಂಕಗಳನ್ನು ಹಳೆಯ ಮಾನಕ್ಕೆ ಸರಿದೂಗಿಸುವಾಗ ಲೆಕ್ಕ ತಪ್ಪಿ, ಕೆಳಗಿನ ಅಂತಸ್ತಿನವರಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚು ಅಂಕ ಸಂದಿತು. ತಪ್ಪು ತಿದ್ದುವಷ್ಟರಲ್ಲಿ 1980 ಬಂದಿತ್ತು. ಸರಿಯಾದ ಲೆಕ್ಕದಲ್ಲಿ ಹೊರಗುಳಿಯಬೇಕಾಗಿದ್ದ ಮೂರು ಲಕ್ಷಕ್ಕೂ ಮೀರಿದ ಜನ ಅಷ್ಟರಲ್ಲಿ ಸೈನ್ಯದೊಳಗಿದ್ದರು. ಸ್ವಾರಸ್ಯವೆಂದರೆ, ಅವರಲ್ಲಿ ಬಹುಮಂದಿ ತಮ್ಮ ಸೇವಾವಧಿಯನ್ನು ಪೂರೈಸಿಯೇ ಮನೆಗೆ ಮರಳಿದರು. ಅಂಕವೆಂಬುದು ಮನುಷ್ಯನ ಎಷ್ಟು ಭಾಗವನ್ನು ಹೇಳಬಲ್ಲದೆಂಬ ಚರ್ಚೆ ಅಲ್ಲಿ ಅಂದಿನಿಂದ ಮುಗಿದಿಲ್ಲ.

ಆದರೂ ಅಂಕ ಬೇಕೇ ಬೇಕು. ಈ ಪರೀಕ್ಷೆಗೆ ಎರಡು ಬಾಗಿಲುಗಳಿವೆ ಎನ್ನಬಹುದು. ಪದಜ್ಞಾನ, ಓದಿ ಗ್ರಹಿಸುವುದು, ಅಂಕಗಣಿತ, ಗಣಿತ - ಈ ನಾಲ್ಕು ಭಾಗಗಳ ಅಂಕದಿಂದ ಸೈನ್ಯಕ್ಕೆ ಪ್ರವೇಶ ಉಂಟೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ. ಒಳಗೆ ಹೋದವನ ಕೈಗೆ ಯಾವ ಕೆಲಸ ಬರುತ್ತದೆಂಬುದಕ್ಕೆ ವಿಜ್ಞಾನ, ವಿದ್ಯುನ್ಮಾನ, ಮೋಟಾರು ಮತ್ತು ಕಾರ್ಯಾಗಾರ, ಯಂತ್ರಜ್ಞಾನ ಎಂಬ ಭಾಗಗಳೂ ಮಾತನಾಡುತ್ತವೆ. ವಿಮಾನಪಡೆಯ ವಿದ್ಯುನ್ಮಾನ ವರ್ಗದ ಕೆಲಸಗಳಿಗೆ ಎರಡು ಗಣಿತಗಳೊಡನೆ ವಿಜ್ಞಾನ ಮತ್ತು ವಿದ್ಯುನ್ಮಾನದ ಅಂಕಗಳನ್ನು ಕೂಡಿಸಿ ನೋಡುತ್ತಾರೆ. ರೇಡಾರ್ ದುರಸ್ತಿ ಕಲಿತು ಹೊರಬಂದವನಿಗೆ ಮುಂದೆ ಕಾರ್ಖಾನೆಗಳಲ್ಲಿ ಅನ್ನವುಂಟು. ಕಡಿಮೆ ಅಂಕದವನ ಮುಂದಿಡುವ ಪಟ್ಟಿಯೇ ಚಿಕ್ಕದು. ಕಾಲೇಜಿನ ವೆಚ್ಚ ಭರಿಸಲಾರದ ಮನೆಯ ಹುಡುಗನಿಗೆ ಈ ವ್ಯತ್ಯಾಸ ಅಲ್ಪವಾದುದಲ್ಲ. ಹೀಗಿದ್ದೂ ಅನೇಕರು ಮೊದಲಿನ ನಾಲ್ಕಕ್ಕೆ ಮಾತ್ರ ಹಗಲಿರುಳು ಓದಿ, ಉಳಿದವನ್ನು ದೈವಕ್ಕೆ ಬಿಡುತ್ತಾರೆ.

ಬರವಣಿಗೆಯ ಪರೀಕ್ಷೆಯಲ್ಲಿ ಸಾಮಾನ್ಯ ವಿಜ್ಞಾನಕ್ಕೆ 25 ಪ್ರಶ್ನೆ, 11 ನಿಮಿಷ. ಪ್ರಶ್ನೆಯೊಂದಕ್ಕೆ ಅರ್ಧ ನಿಮಿಷವೂ ಇಲ್ಲ. ರಕ್ತದ ಕಣಗಳಿಂದ ಹಿಡಿದು ಚಂದ್ರನ ಕಲೆಗಳವರೆಗೆ ಯಾವುದನ್ನಾದರೂ ಕೇಳಬಹುದು. ಇಲ್ಲಿ ಆಳಕ್ಕಿಂತ ಹರಹು ಮುಖ್ಯ. ಪ್ರೌಢಶಾಲೆಯ ಪಠ್ಯಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕುವುದೇ ಸಾಕು. ಒಂದೊಂದು ಅಧ್ಯಾಯದಲ್ಲಿ ವಾರಗಟ್ಟಲೆ ಮುಳುಗಿ ಕುಳಿತವನಿಗೆ ಶ್ರಮ ಹೆಚ್ಚು, ಫಲ ಕಡಿಮೆ.

ಯಂತ್ರಜ್ಞಾನದ ಮಾತು ಬೇರೆ. 25 ಪ್ರಶ್ನೆಗಳಿಗೆ 19 ನಿಮಿಷ. ಇಲ್ಲಿ ತಿಳಿಯಬೇಕಾದ ನಿಯಮಗಳು ಕೆಲವೇ. ಅವುಗಳ ವೇಷಗಳು ಮಾತ್ರ ಹಲವು. ಬಾವಿಯ ಮೇಲಿನ ರಾಟೆಯನ್ನು ನೆನೆದರೆ ಅರ್ಧ ಪಾಠ ಮುಗಿದಂತೆ. ಸ್ಥಿರವಾಗಿ ನಿಂತ ಒಂಟಿ ರಾಟೆ ಬಲವನ್ನು ಉಳಿಸುವುದಿಲ್ಲ, ಎಳೆಯುವ ದಿಕ್ಕನ್ನಷ್ಟೇ ಬದಲಿಸುತ್ತದೆ. ಭಾರದೊಡನೆಯೇ ಮೇಲೇರುವ ರಾಟೆಯಾದರೆ, ಘರ್ಷಣೆಯನ್ನು ಬದಿಗಿಟ್ಟು ಹೇಳುವುದಾದರೆ, 60 ಪೌಂಡಿಗೆ 30 ಪೌಂಡಿನ ಎಳೆತ ಸಾಕು. ಆದರೆ ಭಾರ ಒಂದಡಿ ಏರಲು ಹಗ್ಗ ಎರಡಡಿ ಬರಬೇಕು. ಸನ್ನೆಗೋಲಿಗೂ ಇದೇ ನ್ಯಾಯ. ಆನಿಕೆಯಿಂದ 2 ಅಡಿ ದೂರದಲ್ಲಿ 100 ಪೌಂಡ್ ಭಾರವಿದ್ದರೆ, ಇನ್ನೊಂದು ಪಕ್ಕದಲ್ಲಿ 8 ಅಡಿ ದೂರದಿಂದ ಒತ್ತುವವನಿಗೆ 25 ಪೌಂಡ್ ಬಲವಿದ್ದರಾಯಿತು. ಒಂದು ಚದರ ಅಂಗುಲದ ಪಿಸ್ಟನ್ನಿನ ಮೇಲೆ 5 ಪೌಂಡ್ ಹಾಕಿದರೆ, ಎಣ್ಣೆಯ ಮೂಲಕ ಹತ್ತು ಚದರ ಅಂಗುಲದ ಪಿಸ್ಟನ್ 50 ಪೌಂಡನ್ನು ಎತ್ತುತ್ತದೆ. ಚಿಕ್ಕದು ಹತ್ತಂಗುಲ ಇಳಿದಾಗ ದೊಡ್ಡದು ಏರುವುದು ಒಂದೇ ಅಂಗುಲ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಲೇಬೇಕೆಂಬ ಈ ಒಂದು ಸತ್ಯವನ್ನು ಹಿಡಿದವನು ಸೂತ್ರಗಳ ಪಟ್ಟಿಯನ್ನು ಉರು ಹೊಡೆಯಬೇಕಾಗಿಲ್ಲ.

ಮೊದಲಿನ ಹಲ್ಲುಚಕ್ರಗಳಿಗೆ ಹಿಂತಿರುಗಿದರೆ, ದೊಡ್ಡದು ಎಡಕ್ಕೆ ಒಂದು ಸುತ್ತು ತಿರುಗಿರುತ್ತದೆ. ಅವೆರಡರ ನಡುವೆ ಮೂರನೆಯದೊಂದನ್ನು ಸೇರಿಸಿದರೆ ದಿಕ್ಕು ಬದಲಾಗುತ್ತದೆಯೇ ಹೊರತು ಸುತ್ತಿನ ಲೆಕ್ಕ ಬದಲಾಗುವುದಿಲ್ಲ, ನಡುವಿನದಕ್ಕೆ ಎಷ್ಟೇ ಹಲ್ಲುಗಳಿರಲಿ. ಜಾಣರೂ ಎಡವುವ ಸ್ಥಳವಿದು. ಸೈಕಲ್ಲಿನ ಸರಪಳಿ ಸುತ್ತಿದ ಎರಡು ಚಕ್ರಗಳಾದರೋ ಒಂದೇ ದಿಕ್ಕಿಗೆ ತಿರುಗುತ್ತವೆ. ಇದನ್ನು ನೋಡಲು ಸೈಕಲ್ಲನ್ನು ತಲೆಕೆಳಗಾಗಿಸಿ ಪೆಡಲು ತಿರುಗಿಸಿದರೆ ಸಾಕು.

ವಿದ್ಯುನ್ಮಾನಕ್ಕೆ 20 ಪ್ರಶ್ನೆ, 9 ನಿಮಿಷ. ಓಮನ ನಿಯಮವೇ ಇಲ್ಲಿಯ ಓಂಕಾರ. 12 ವೋಲ್ಟಿನ ಬ್ಯಾಟರಿಗೆ 4 ಓಮಿನ ರೋಧಕವನ್ನು ಜೋಡಿಸಿದರೆ ಹರಿಯುವ ವಿದ್ಯುತ್ತು 3 ಆಂಪಿಯರ್, ವ್ಯಯವಾಗುವ ಶಕ್ತಿ 36 ವ್ಯಾಟ್. ಆರಾರು ಓಮಿನ ಎರಡು ರೋಧಕಗಳು ಒಂದರ ಹಿಂದೊಂದು ಇದ್ದರೆ 12 ಓಮ್, ಅಕ್ಕಪಕ್ಕದಲ್ಲಿದ್ದರೆ 3. ಕಾರಿನ ಒಂದು ದೀಪ ಸುಟ್ಟರೂ ಇನ್ನೊಂದು ಉರಿಯುವುದೇಕೆಂದು ಒಮ್ಮೆ ಯೋಚಿಸಿದವನಿಗೆ ಈ ಎರಡು ಜೋಡಣೆಗಳ ಭೇದ ಮರೆಯುವುದಿಲ್ಲ. ಉಳಿದುದು ನಕ್ಷೆಯ ಸಂಕೇತಗಳ ಪರಿಚಯ. ಅದು ಒಂದು ವಾರದ ಅಭ್ಯಾಸ.

ಪುಸ್ತಕದ ಹುಡುಗರು ನಿಜವಾಗಿ ಸೋಲುವುದು ಮೋಟಾರು ಮತ್ತು ಕಾರ್ಯಾಗಾರದ ಭಾಗದಲ್ಲಿ. ಮರದ ಎಳೆಯ ಉದ್ದಕ್ಕೆ ಸೀಳುವ ಗರಗಸ ಯಾವುದು, ಅಡ್ಡ ಕೊಯ್ಯುವುದು ಯಾವುದು? ನಾಲ್ಕು ಹೊಡೆತದ ಎಂಜಿನ್ನಿನ ಒಂದು ಆವೃತ್ತಿ ಮುಗಿಯಲು ಕ್ರ್ಯಾಂಕ್ ಎಷ್ಟು ಸುತ್ತಬೇಕು? (ಎರಡು ಸುತ್ತು.) ತಂದೆಯ ಗ್ಯಾರೇಜಿನಲ್ಲಿ ಬೆಳೆದ ಹುಡುಗ ಇದಕ್ಕೆ ಆಲೋಚಿಸುವುದೇ ಇಲ್ಲ. ಸರಾಸರಿ ನೋಡಿದರೆ ಈ ಭಾಗದಲ್ಲಿ ಹೆಣ್ಣುಮಕ್ಕಳ ಅಂಕ ಹುಡುಗರಿಗಿಂತ ಕಡಿಮೆ. ಕೈಗೆ ಸ್ಪ್ಯಾನರು ಯಾರಿಗೆ ಸಿಕ್ಕಿತ್ತು ಎಂಬುದನ್ನೂ ಪರೀಕ್ಷೆ ಅಳೆಯುತ್ತಿದೆ ಎಂಬ ಆಕ್ಷೇಪ ನ್ಯಾಯವಾದುದೇ. ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿಯಂತೂ ಮಗನ ಅಂಗಿಗೆ ಗ್ರೀಸು ಹತ್ತಿದರೆ ತಾಯಿ ಬೆಚ್ಚುತ್ತಾಳೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳು ತಮ್ಮ ಹೈಸ್ಕೂಲಿನಲ್ಲಿಯೇ ಈ ಪರೀಕ್ಷೆಗೆ ಕುಳಿತರೆ ಈ ಭಾಗ ಅವರಿಗೆ ಹೊಸ ಲೋಕವಾದರೆ ಆಶ್ಚರ್ಯವಿಲ್ಲ. ಇದಕ್ಕೆ ಮದ್ದು ಪುಸ್ತಕದಲ್ಲಿಲ್ಲ. ಪರಿಚಯದ ಮೆಕ್ಯಾನಿಕ್ಕನ ಬಳಿ ನಾಲ್ಕು ಶನಿವಾರ ನಿಂತು, ಪ್ಲಗ್ಗು ಬಿಚ್ಚಿ, ಬ್ರೇಕು ನೋಡಿ, ಉಪಕರಣಗಳ ಹೆಸರು ಕೇಳಿ ತಿಳಿದವನಿಗೆ ಬರುವ ಜ್ಞಾನ ನಾಲ್ಕು ನೂರು ಪುಟ ಓದಿದವನಿಗೆ ಬಾರದು.

ಕಾಗದದ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದುದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕಂಪ್ಯೂಟರಿನಲ್ಲಿ ಬರೆಯುವವರ ಪಾಡು ಬೇರೆ. ಅಲ್ಲಿ ಒಂದು ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ; ಕೊಟ್ಟ ಉತ್ತರಕ್ಕೆ ಹಿಂತಿರುಗಿ ತಿದ್ದುವ ಅವಕಾಶವಿಲ್ಲ. ಆದುದರಿಂದ ಪ್ರಶ್ನೆಗಳು ಕಠಿಣವಾಗುತ್ತ ಹೋದರೆ ಎದೆಗುಂದಬೇಕಾದುದಿಲ್ಲ. ಅಂಕ ಸಾಲದೆ ಬಂದವನು ಒಂದು ತಿಂಗಳು ಕಳೆದ ಮೇಲೆ ಮತ್ತೆ ಬರೆಯಬಹುದು, ಇನ್ನೊಂದು ತಿಂಗಳಾದ ಮೇಲೆ ಮತ್ತೊಮ್ಮೆ. ಅಲ್ಲಿಂದ ಮುಂದಕ್ಕೆ ಪ್ರತಿ ಸಲವೂ ಆರು ತಿಂಗಳು ಕಾಯಬೇಕು. ಮೊದಲ ತಿಂಗಳಲ್ಲಿ ರಾಟೆ, ಸನ್ನೆ, ಹಲ್ಲುಚಕ್ರಗಳನ್ನೂ ಎರಡನೆಯದರಲ್ಲಿ ವಿದ್ಯುತ್ತನ್ನೂ ಹಿಡಿದು ಕುಳಿತರೆ ಆ ಕಾಯುವಿಕೆ ಬಾರದೆ ಹೋಗಬಹುದು.