ಬೀದಿಯ ಅನ್ನದಾನವೂ ಕಾನೂನೂ

ಮನೆಯಿಲ್ಲದವರಿಗೆ ಸಾರ್ವಜನಿಕ ಸ್ಥಳದಲ್ಲಿ ಊಟ ಹಂಚಬಾರದೆಂದು ನೇರವಾಗಿ ಹೇಳುವ ಕಾಯ್ದೆ ಕರ್ನಾಟಕದಲ್ಲಿಲ್ಲ. ಬೆಂಗಳೂರಿನ ಯಶವಂತಪುರ ರೈಲು ನಿಲ್ದಾಣದ ಹೊರಗೆ ಯಾರಾದರೂ ನೂರು ಪೊಟ್ಟಣ ಚಿತ್ರಾನ್ನ ತಂದು ಹಂಚಿದರೆ, ಕೊಟ್ಟ ತಪ್ಪಿಗೆ ಅವರನ್ನು ಹಿಡಿಯುವ ಕಲಮು ರಾಜ್ಯದ ಭಿಕ್ಷಾಟನೆ ಕಾಯ್ದೆಯಲ್ಲಿ ಇಲ್ಲ. ಆದರೆ ಅದೇ ಪೊಟ್ಟಣಕ್ಕೆ ಕೈಯೊಡ್ಡಿದ ವ್ಯಕ್ತಿಯನ್ನು ಹಿಡಿದೊಯ್ಯಲು ಕಲಮು ಇದೆ. ಬೀದಿಯ ಅನ್ನದಾನಕ್ಕೂ ಕಾನೂನಿಗೂ ಇರುವ ಸಂಬಂಧವನ್ನು ತಿಳಿಯಲು ಇಲ್ಲಿಂದಲೇ ಹೊರಡಬೇಕು. ಅಮೆರಿಕದ ಹಲವು ನಗರಗಳು ಕೊಡುವವರನ್ನು ತಡೆದಿವೆ, ಕರ್ನಾಟಕದ ಕಾಯ್ದೆ ಪಡೆಯುವವರನ್ನು ತಡೆಯುತ್ತದೆ.

ಈ ಕಾಯ್ದೆಯ ಹೆಸರು ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ, 1975. ಇದಕ್ಕೂ ಮೊದಲು ಹಳೆಯ ಮೈಸೂರು ಸಂಸ್ಥಾನದಲ್ಲಿ 1944ರ ಭಿಕ್ಷಾಟನೆ ನಿಷೇಧ ಕಾಯ್ದೆ ಇತ್ತು. ಕಾಯ್ದೆಯ ಪ್ರಕಾರ ಭಿಕ್ಷೆಯೆಂದರೆ ದುಡ್ಡು ಮಾತ್ರವಲ್ಲ. ಬೇಯಿಸಿದ ಆಹಾರ, ಬೇಯಿಸದ ಆಹಾರ, ಧಾನ್ಯ, ಬಟ್ಟೆ, ಬೆಲೆಯುಳ್ಳ ಬೇರಾವುದೇ ವಸ್ತು, ಹೀಗೆ ಭಿಕ್ಷುಕರಿಗೆ ಪುಕ್ಕಟೆಯಾಗಿ ಕೊಟ್ಟದ್ದೆಲ್ಲ ಭಿಕ್ಷೆಯೇ. ಭಿಕ್ಷುಕರು ಯಾರೆಂಬ ವಿವರಣೆಯೂ ಅಷ್ಟೇ ಅಗಲವಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಭಿಕ್ಷೆ ಕೇಳುವವರಷ್ಟೇ ಅಲ್ಲ, ಪಡೆಯುವವರೂ ಅದರೊಳಗೆ ಬರುತ್ತಾರೆ. ಹಾಡಿ, ಕುಣಿದು, ಕಣಿ ಹೇಳಿ, ಸಣ್ಣಪುಟ್ಟ ಸಾಮಾನು ಮಾರುವ ನೆಪದಲ್ಲಿ ಬೇಡುವವರೂ ಬರುತ್ತಾರೆ. ಇವೆಲ್ಲಕ್ಕಿಂತ ಕಠೋರವಾದದ್ದು ಇನ್ನೊಂದು ಮಾತು: ಬದುಕಿಗೆ ಕಾಣುವಂಥ ಆಧಾರವಿಲ್ಲದೆ, ಬೇಡಿ ಬದುಕುತ್ತಿರಬಹುದೆಂದು ತೋರುವ ಸ್ಥಿತಿಯಲ್ಲಿ ಸಾರ್ವಜನಿಕ ಸ್ಥಳದಲ್ಲಿ ಅಲೆಯುವ ಅಥವಾ ಉಳಿದುಕೊಳ್ಳುವ ವ್ಯಕ್ತಿಯೂ ಭಿಕ್ಷುಕನೇ. ಅಂದರೆ ಬಾಯಿ ಬಿಟ್ಟು ಕೇಳಬೇಕೆಂದೇನೂ ಇಲ್ಲ. ಕೊಳೆಯಾದ ಬಟ್ಟೆ, ಕೆದರಿದ ತಲೆ, ಮಗ್ಗುಲಲ್ಲೊಂದು ಗಂಟು ಇದ್ದರೆ ಸಾಕು, ಅನುಮಾನ ಹುಟ್ಟುತ್ತದೆ.

ಕಾಯ್ದೆ ಕೆಲವರನ್ನು ಹೊರಗಿಟ್ಟಿದೆ. ಪರವಾನಗಿ ಪಡೆದ ಧಾರ್ಮಿಕ ಭಿಕ್ಷುಗಳು, ಹರಕೆಗಾಗಿ ಅಥವಾ ಸಂಪ್ರದಾಯದಂತೆ ಯಾರಿಗೂ ತೊಂದರೆ ಕೊಡದೆ ಭಿಕ್ಷೆ ಎತ್ತುವವರು, ಲಿಖಿತ ಅನುಮತಿ ಪಡೆದು ಸಂಸ್ಥೆಗಳಿಗೆ ವಂತಿಗೆ ಕೂಡಿಸುವವರು ಮತ್ತು ಓದಿಗಾಗಿ ಭಿಕ್ಷೆ ಪಡೆಯುವ ವಿದ್ಯಾರ್ಥಿಗಳು ಅಪರಾಧಿಗಳಲ್ಲ. ವಿದ್ಯಾರ್ಥಿಗಳ ಈ ವಿನಾಯಿತಿಯಲ್ಲಿ ಕನ್ನಡ ನಾಡಿನ ವಾರಾನ್ನದ ನೆರಳು ಕಾಣುತ್ತದೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿ ದೊಡ್ಡವರಾದವರು ಮೈಸೂರು, ಬೆಂಗಳೂರುಗಳಲ್ಲಿ ಒಬ್ಬಿಬ್ಬರಲ್ಲ. ಜಂಗಮರ ಕಂತೆಭಿಕ್ಷೆ, ದಾಸರ ಗೋಪಾಳ, ಬ್ರಾಹ್ಮಣರ ಯಾಯಿವಾರ, ಮಠಗಳ ದಾಸೋಹ ಎಲ್ಲವೂ ಕೊಡುಕೊಳ್ಳುವಿಕೆಯ ಗೌರವದ ರೂಪಗಳು. ಹೆಸರೂ ಸಂಪ್ರದಾಯವೂ ಇದ್ದ ಬೇಡಿಕೆಗೆ ಕಾಯ್ದೆ ದಾರಿ ಬಿಟ್ಟಿತು. ಬರಿಯ ಹಸಿವಿಗೆ ಬಿಡಲಿಲ್ಲ.

ಹಿಡಿದವರನ್ನು ಇಡುವ ಸ್ಥಳ ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿ ಬಳಿಯ ನಿರಾಶ್ರಿತರ ಪರಿಹಾರ ಕೇಂದ್ರ. ಜನರ ಬಾಯಲ್ಲಿ ಅದು ಬೆಗ್ಗರ್ಸ್ ಕಾಲೋನಿ. ಕೇಂದ್ರ ಪರಿಹಾರ ಸಮಿತಿ ಇದನ್ನು ನಡೆಸುತ್ತದೆ. ಖರ್ಚಿಗೆಂದು ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಭಿಕ್ಷುಕರ ಸೆಸ್ ವಸೂಲಾಗುತ್ತದೆ. ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಸ್ವಂತ ಮನೆಯುಳ್ಳವರು ತಮ್ಮ ತೆರಿಗೆ ರಸೀದಿಯನ್ನು ತೆಗೆದು ನೋಡಿದರೆ ಈ ಸಾಲು ಕಾಣುತ್ತದೆ. ನಗರದ ಪ್ರತಿಯೊಬ್ಬ ಆಸ್ತಿದಾರರೂ ಮನೆಯಿಲ್ಲದವರ ಊಟಕ್ಕೆ ಆಗಲೇ ದುಡ್ಡು ಕೊಟ್ಟಿದ್ದಾರೆ ಎಂಬುದು ಇದರ ಅರ್ಥ. ಆ ದುಡ್ಡು ಏನಾಯಿತೆಂದು ಕೇಳುವ ಹಕ್ಕು ಅವರಿಗಿದೆ. 2010ರಲ್ಲಿ ಈ ಕೇಂದ್ರದಲ್ಲಿ ಕೆಲವೇ ತಿಂಗಳುಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಆಗಸ್ಟ್ ತಿಂಗಳಲ್ಲಿ ವಾಂತಿ ಭೇದಿಯಿಂದ ಒಂದರ ಹಿಂದೆ ಒಂದು ಸಾವು ಸಂಭವಿಸಿದಾಗಲೇ ಈ ಸಂಗತಿ ರಾಜ್ಯಕ್ಕೆ ಗೊತ್ತಾದದ್ದು. ಬೀದಿಯ ಊಟ ಅಪಾಯಕಾರಿ, ಕೇಂದ್ರದ ಊಟ ಸುರಕ್ಷಿತ ಎಂಬ ವಾದವನ್ನು ತೂಗುವಾಗ ಆ ಸಾವುಗಳನ್ನು ಮರೆಯಬಾರದು.

ಉತ್ತರ ಬೆಂಗಳೂರಿನಲ್ಲಿ ಬೀದಿಯ ಊಟಕ್ಕೆ ಕೈಯೊಡ್ಡುವವರಲ್ಲಿ ಎಲ್ಲರೂ ಬೇಡಿ ಬದುಕುವವರಲ್ಲ. ಯಶವಂತಪುರದ ಎಪಿಎಂಸಿ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಗಾರೆ ಕೆಲಸಕ್ಕೆಂದು ಕಲ್ಯಾಣ ಕರ್ನಾಟಕದಿಂದಲೋ ಹೊರ ರಾಜ್ಯದಿಂದಲೋ ಬಂದವರು, ಚಿಂದಿ ಆಯುವವರು, ಮನೆಯವರು ಕೈಬಿಟ್ಟ ಮುದುಕರು, ಮನಸ್ಸಿನ ಕಾಯಿಲೆಯಿಂದ ಊರಿನ ಹೆಸರನ್ನೇ ಮರೆತವರು ಎಲ್ಲರೂ ಇದ್ದಾರೆ. ಹೆಬ್ಬಾಳ ಮೇಲ್ಸೇತುವೆಯ ಕೆಳಗೆ ಮಲಗುವವರು ಬೆಳಗಾದರೆ ಕೂಲಿಗೆ ಹೊರಡಬಹುದು. ಕೂಲಿ ಸಿಗದ ದಿನ ಅವರ ಕೈಗೆ ಬಂದ ಪೊಟ್ಟಣ ಕಾಯ್ದೆಯ ಕಣ್ಣಿಗೆ ಭಿಕ್ಷೆಯಾಗಬಲ್ಲದು. ರೈಲು ನಿಲ್ದಾಣದ ಆವರಣಕ್ಕೆ ಇನ್ನೊಂದು ಕಾನೂನೂ ಇದೆ: 1989ರ ರೈಲ್ವೆ ಕಾಯ್ದೆಯ 144ನೇ ಕಲಮಿನಂತೆ ರೈಲಿನಲ್ಲಿ, ನಿಲ್ದಾಣದಲ್ಲಿ ಬೇಡಲು ಅವಕಾಶವಿಲ್ಲ.

ಕೊಡುವವರ ಮೇಲೆ ಬೀಳುವ ಕಟ್ಟುಪಾಡು ಬೇರೊಂದು ದಾರಿಯಿಂದ ಬರುತ್ತದೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಆಹಾರ ಉದ್ದಿಮೆ ಎಂದರೆ ಲಾಭಕ್ಕಾಗಿ ನಡೆಯುವುದು ಮಾತ್ರವಲ್ಲ, ಲಾಭವಿಲ್ಲದೆ ನಡೆಯುವುದೂ ಹೌದು. ಹೀಗಾಗಿ ದೇವಸ್ಥಾನದ ಪ್ರಸಾದ, ಮಠದ ದಾಸೋಹ, ಸಂಘಗಳು ನಿತ್ಯ ನಡೆಸುವ ಅನ್ನದಾನ ಇವೆಲ್ಲ ನೋಂದಣಿ, ಪರವಾನಗಿಗಳ ವ್ಯಾಪ್ತಿಗೆ ಬರಬಹುದು. ಈ ಮಾತು ಬಹುಕಾಲ ಕಾಗದದಲ್ಲೇ ಉಳಿದಿತ್ತು. ಅದಕ್ಕೆ ಬಿಗಿ ಬಂದದ್ದು ದುರಂತದ ನಂತರ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಕೀಟನಾಶಕ ಬೆರೆಸಿದ್ದ ಪ್ರಸಾದ ತಿಂದು 17 ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಮುಂದಿನ ತಿಂಗಳೇ ಚಿಂತಾಮಣಿಯ ಗಂಗಮ್ಮನ ಗುಡಿಯ ಪ್ರಸಾದವೂ ಜೀವ ತೆಗೆಯಿತು. ಆ ಬಳಿಕ ಪ್ರಸಾದದ ಅಡಿಗೆಮನೆಗಳ ಮೇಲೆ ಸರ್ಕಾರದ ಸೂಚನೆಗಳು ಬಂದವು. 2024ರ ಗಣೇಶ ಹಬ್ಬದ ಹೊತ್ತಿಗೆ ಬೆಂಗಳೂರಿನ ಪೆಂಡಾಲುಗಳಲ್ಲಿ ಹಂಚುವ ಪ್ರಸಾದವನ್ನು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಉಳ್ಳವರಿಂದಲೇ ಮಾಡಿಸಬೇಕೆಂದು ಬಿಬಿಎಂಪಿ ಹೇಳಿದಾಗ ರಾಜಕೀಯ ಗದ್ದಲವೇ ಎದ್ದಿತು.

ಸುಳ್ವಾಡಿಯ ಸಾವುಗಳನ್ನು ನೆನೆದರೆ ಈ ಬಗೆಯ ನಿಯಮವನ್ನು ತಳ್ಳಿಹಾಕುವುದು ಸರಿಯಲ್ಲ. ಪುಕ್ಕಟೆಯೆಂಬ ಕಾರಣಕ್ಕೆ ಹಳಸಿದ್ದನ್ನು ಬಡವರ ಎಲೆಗೆ ಬಡಿಸಲು ಯಾರಿಗೂ ಹಕ್ಕಿಲ್ಲ. ಮದುವೆ ಛತ್ರಗಳಲ್ಲಿ, ಹೋಟೆಲುಗಳಲ್ಲಿ ಮಿಕ್ಕ ಅಡಿಗೆಗೆಂದೇ 2019ರಲ್ಲಿ ಹೆಚ್ಚುವರಿ ಆಹಾರದ ಸಂಗ್ರಹ ಮತ್ತು ವಿತರಣೆಯ ನಿಯಮಗಳು ಪ್ರಕಟವಾಗಿವೆ. ಮಿಕ್ಕ ಊಟವನ್ನು ಶುಚಿಯಾಗಿ, ಸರಿಯಾದ ಬಿಸಿಯಲ್ಲೋ ತಂಪಿನಲ್ಲೋ ಇಟ್ಟು, ಲೆಕ್ಕ ಬರೆದು, ಕೆಡುವ ಮುನ್ನ ತಲುಪಿಸಬೇಕೆಂಬುದು ಅವುಗಳ ಸಾರ. ಇವು ಹಂಚುವುದನ್ನು ನಿಲ್ಲಿಸುವ ನಿಯಮಗಳಲ್ಲ, ಹಂಚುವ ಬಗೆಯನ್ನು ಕಲಿಸುವ ನಿಯಮಗಳು.

ಭಿಕ್ಷಾಟನೆ ಕಾಯ್ದೆ, ಆಹಾರ ಸುರಕ್ಷತೆಯ ನಿಯಮಗಳ ನಂತರ ಮೂರನೆಯ ತಡೆ ರಸ್ತೆಯದು. ರಾಮನವಮಿಯ ಪಾನಕ ಕೋಸಂಬರಿಗೂ, ರಾಜ್ಯೋತ್ಸವದ ಅನ್ನಸಂತರ್ಪಣೆಗೂ, ಮಾರ್ಚ್ 17ರಂದು ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬಕ್ಕೆ ಅಭಿಮಾನಿಗಳು ಬಡಿಸುವ ಊಟಕ್ಕೂ ರಸ್ತೆ ಬದಿಯೇ ಪಂಕ್ತಿ. ವಾಹನಗಳು ನಿಂತರೆ, ಎಲೆ ಲೋಟಗಳು ಚರಂಡಿ ಸೇರಿದರೆ ಪೊಲೀಸರೂ ಪಾಲಿಕೆಯೂ ಸಾಮಾನ್ಯ ಕಾನೂನಿನಡಿ ತಡೆಯಬಹುದು. ಹಬ್ಬದ ಪಂಕ್ತಿಗೆ ಠಾಣೆಯವರೂ ಊರವರೂ ಸಹನೆ ತೋರುತ್ತಾರೆ. ವರ್ಷವಿಡೀ ಒಂದೇ ಮೂಲೆಯಲ್ಲಿ ಮನೆಯಿಲ್ಲದವರಿಗಷ್ಟೇ ಬಡಿಸುವ ಪಂಕ್ತಿಗೆ ಅಂಥ ಸಹನೆ ಸುಲಭವಾಗಿ ಸಿಗುವುದಿಲ್ಲ. ಅಕ್ಕಪಕ್ಕದ ಅಂಗಡಿಯವರ, ನಿವಾಸಿಗಳ ದೂರು ಬರುತ್ತದೆ. ಕೆಲವೊಮ್ಮೆ ತಡೆ ಕಾನೂನಿನಿಂದಲ್ಲ, ಜನರಿಂದಲೇ ಬರುತ್ತದೆ. 2020ರ ಏಪ್ರಿಲ್ ಮೊದಲ ವಾರ, ಲಾಕ್‌ಡೌನ್ ಕಾಲದಲ್ಲಿ, ಅಮೃತಹಳ್ಳಿ ಠಾಣೆ ವ್ಯಾಪ್ತಿಯ ದಾಸರಹಳ್ಳಿಯಲ್ಲಿ ಬಡವರಿಗೆ ಆಹಾರ ಹಂಚುತ್ತಿದ್ದ ಸ್ವಯಂಸೇವಕರ ಮೇಲೆ ಹಲ್ಲೆ ನಡೆಯಿತು. ಹೆಬ್ಬಾಳದಿಂದ ಕೂಗಳತೆಯ ಆ ಜಾಗದಲ್ಲಿ ಅನ್ನ ಹಂಚಿದವರು ಪೆಟ್ಟು ತಿಂದು ಆಸ್ಪತ್ರೆ ಸೇರಬೇಕಾಯಿತು. ಅದೇ ತಿಂಗಳು ತಮಿಳುನಾಡು ಸರ್ಕಾರ, ಪಕ್ಷಗಳೂ ಸಂಘಗಳೂ ನೇರವಾಗಿ ಆಹಾರ ಹಂಚುವುದನ್ನು ನಿಲ್ಲಿಸಲು ಹೊರಟಾಗ ಮದರಾಸು ಹೈಕೋರ್ಟ್ ಮಧ್ಯೆ ಬಂದು, ಅಧಿಕಾರಿಗಳಿಗೆ ಮೊದಲೇ ತಿಳಿಸಿ ಹಂಚಲು ಅವಕಾಶ ಕೊಟ್ಟಿತು.

ಕೊಡುವವರನ್ನೇ ಅಪರಾಧಿ ಮಾಡುವ ಹೆಜ್ಜೆ ಭಾರತದಲ್ಲೂ ಶುರುವಾಗಿದೆ. ಮಧ್ಯಪ್ರದೇಶದ ಇಂದೋರಿನಲ್ಲಿ 2025ರ ಜನವರಿ 1ರಿಂದ ಭಿಕ್ಷೆ ಕೊಡುವವರ ಮೇಲೂ ಎಫ್‌ಐಆರ್ ಹಾಕುವ ಆದೇಶ ಜಾರಿಗೆ ಬಂತು. ಮರುತಿಂಗಳು ಭೋಪಾಲ್ ಅದೇ ದಾರಿ ಹಿಡಿಯಿತು. ನ್ಯಾಯಾಲಯಗಳ ನಡೆ ಬೇರೆ ದಿಕ್ಕಿನದು. 2018ರ ಆಗಸ್ಟ್ 8ರಂದು ದೆಹಲಿ ಹೈಕೋರ್ಟ್, ಸಾಮಾಜಿಕ ಕಾರ್ಯಕರ್ತ ಹರ್ಷ ಮಂದರ್ ಅವರ ಅರ್ಜಿಯ ಮೇಲೆ, ಭಿಕ್ಷಾಟನೆಯನ್ನು ಅಪರಾಧವೆನ್ನುವ ಕಲಮುಗಳನ್ನು ದೆಹಲಿಯ ಮಟ್ಟಿಗೆ ರದ್ದುಗೊಳಿಸಿತು. ಮರುವರ್ಷ ಜಮ್ಮು ಮತ್ತು ಕಾಶ್ಮೀರದ ಹೈಕೋರ್ಟ್ ಅಲ್ಲಿನ ಕಾಯ್ದೆಯನ್ನು ತೆಗೆದುಹಾಕಿತು. 2021ರ ಜುಲೈನಲ್ಲಿ, ಕೋವಿಡ್ ಹರಡುತ್ತದೆಂದು ಸಿಗ್ನಲ್‌ಗಳಲ್ಲಿ ಬೇಡುವುದನ್ನು ತಡೆಯಬೇಕೆಂಬ ಕೋರಿಕೆಯನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬೇಡುವುದು ಬಡತನದ ಫಲ, ಉಳ್ಳವರ ಕಣ್ಣಿನಿಂದ ಅದನ್ನು ನೋಡಲಾಗದು ಎಂಬುದು ನ್ಯಾಯಪೀಠದ ನಿಲುವು. ದೆಹಲಿಯ ತೀರ್ಪು ಕರ್ನಾಟಕಕ್ಕೆ ತಾನಾಗಿ ಅನ್ವಯಿಸುವುದಿಲ್ಲ.

ಅಮೆರಿಕದಲ್ಲಿ ಈ ಜಗಳ ಹಳೆಯದು. 2006ರಲ್ಲಿ ಲಾಸ್ ವೇಗಸ್ ನಗರ ಉದ್ಯಾನಗಳಲ್ಲಿ ನಿರ್ಗತಿಕರಿಗೆ ಊಟ ಕೊಡುವುದನ್ನು ನಿಷೇಧಿಸಿತು. ನೋಡಿದರೆ ನೆರವಿಗೆ ಅರ್ಹರೆಂದು ಸಾಮಾನ್ಯರಿಗೆ ಅನಿಸುವವರೆಲ್ಲ ನಿರ್ಗತಿಕರು ಎಂಬ ಅರ್ಥದ ವಿವರಣೆ ಅದರಲ್ಲಿತ್ತು. ಕರ್ನಾಟಕದ ಕಾಯ್ದೆಯ ‘ಬೇಡಿ ಬದುಕುತ್ತಿರಬಹುದೆಂದು ತೋರುವ’ ಎಂಬ ಮಾತಿಗೂ ಇದಕ್ಕೂ ದೂರವಿಲ್ಲ. ಎರಡೂ ಕಡೆ ಮನುಷ್ಯನ ತೋರಿಕೆಯೇ ಸಾಕ್ಷಿ. ಆ ನಿಷೇಧ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಹ್ಯೂಸ್ಟನ್ 2012ರಲ್ಲಿ, ಐದಕ್ಕಿಂತ ಹೆಚ್ಚು ಮಂದಿಗೆ ಊಟ ಕೊಡುವವರು ಆ ಜಾಗದ ಒಡೆಯರ ಒಪ್ಪಿಗೆ ಪಡೆಯಬೇಕೆಂದಿತು. 2014ರಲ್ಲಿ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ತೊಂಬತ್ತರ ಅರ್ನಾಲ್ಡ್ ಆಬಟ್ ಅವರ ಮೇಲೆ ಬೀದಿಯಲ್ಲಿ ಊಟ ಬಡಿಸಿದ್ದಕ್ಕೆ ಕೇಸು ಬಿದ್ದಾಗ ಜಗತ್ತೇ ಆ ಕಡೆ ನೋಡಿತು. ಅದೇ ನಗರದ ಇನ್ನೊಂದು ಮೊಕದ್ದಮೆಯಲ್ಲಿ 2018ರಲ್ಲಿ ಮೇಲ್ಮನವಿ ನ್ಯಾಯಾಲಯ, ಒಂದು ಸಂಘಟನೆ ಬಯಲಲ್ಲಿ ಎಲ್ಲರೊಡನೆ ಉಣ್ಣುವುದು ಅದರ ವಿಚಾರದ ಅಭಿವ್ಯಕ್ತಿಯೇ ಆಗಿದೆ, ಅದಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದಿತು. ನಗರಗಳ ವಾದ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಕಸ, ಇಲಿಹೆಗ್ಗಣ, ಜನಜಂಗುಳಿ, ಮತ್ತು ಬೀದಿಯಲ್ಲಿ ಊಟ ಸಿಕ್ಕರೆ ಜನ ಬೀದಿಯಲ್ಲೇ ಉಳಿಯುತ್ತಾರೆಂಬ ನಂಬಿಕೆ. ಮೊದಲಿನ ಮೂರಕ್ಕೆ ಕಸದ ತೊಟ್ಟಿ, ನೀರು, ನಿಗದಿತ ಜಾಗ ಪರಿಹಾರ ಕೊಡಬಲ್ಲವು. ಕೊನೆಯದು ಹಸಿವನ್ನೇ ಮನೆಯಿಲ್ಲದಿರುವುದಕ್ಕೆ ಕಾರಣವೆಂದು ತಿಳಿದ ತಪ್ಪು ಲೆಕ್ಕ.

ಬೀದಿಯ ಊಟ ಬೇಡವೆನ್ನುವ ಸರ್ಕಾರ ಬದಲಿ ಊಟ ಎಲ್ಲಿದೆಯೆಂದು ಹೇಳಬೇಕಾಗುತ್ತದೆ. 2011ರಲ್ಲಿ ಸಂಸತ್ತಿನ ಮುಂದೆ ಬಂದ ಆಹಾರ ಭದ್ರತಾ ಮಸೂದೆಯಲ್ಲಿ ನಿರ್ಗತಿಕರಿಗೆ ದಿನಕ್ಕೊಂದು ಪುಕ್ಕಟೆ ಊಟ, ಮನೆಯಿಲ್ಲದವರಿಗೆ ಸಮುದಾಯ ಅಡಿಗೆಮನೆಯಲ್ಲಿ ಕೈಗೆಟಕುವ ದರದ ಊಟ ಎಂಬ ಅಂಶಗಳಿದ್ದವು. 2013ರ ಕಾಯ್ದೆಯಲ್ಲಿ ಅವು ಉಳಿಯಲಿಲ್ಲ. ದೇಶದ ಉದ್ದಕ್ಕೂ ಸಮುದಾಯ ಅಡಿಗೆಮನೆ ತೆರೆಯಬೇಕೆಂಬ ಅರ್ಜಿಯಲ್ಲಿ ಅಂಥ ಆದೇಶ ನೀಡಲು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಉಳಿದಿರುವ ಆಸರೆ 2017ರ ಆಗಸ್ಟ್ 16ರಂದು ಆರಂಭವಾದ ಇಂದಿರಾ ಕ್ಯಾಂಟೀನ್. ಬೆಳಗಿನ ತಿಂಡಿಗೆ ₹5, ಊಟಕ್ಕೆ ₹10 ಎಂದು ಅದು ಶುರುವಾಯಿತು. ಗುರುತಿನ ಚೀಟಿ ಕೇಳದೆ, ಜಾತಿ ಊರು ವಿಚಾರಿಸದೆ ತಟ್ಟೆ ಕೊಡುವ ಈ ಏರ್ಪಾಡು ಭಿಕ್ಷಾಟನೆ ಕಾಯ್ದೆಗಿಂತ ಎಷ್ಟೋ ಹೆಚ್ಚು ಜನರನ್ನು ಬೇಡುವ ಸಂಕಟದಿಂದ ಬಿಡಿಸಿದೆ. ಆದರೂ ಆ ಹತ್ತು ರೂಪಾಯಿಯೂ ಕೈಯಲ್ಲಿಲ್ಲದವರು, ಕಾಲಿಲ್ಲದವರು, ಕ್ಯಾಂಟೀನ್ ಬಾಗಿಲು ಹಾಕಿದ ಮೇಲೆ ರೈಲಿಳಿದವರು ಯಶವಂತಪುರದಲ್ಲಿ ಪೊಟ್ಟಣಕ್ಕೇ ಕಾಯುತ್ತಾರೆ.

ಅವರಿಗೆ ಊಟ ಒಯ್ಯುವವರು ಮಾಡಬೇಕಾದ್ದು ಹೆಚ್ಚೇನಿಲ್ಲ. ನಿತ್ಯ ಹಂಚುವವರು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು. ಬಿಸಿಯಾರುವ ಮುನ್ನ ತಲುಪಿಸಬೇಕು. ಠಾಣೆಗೊಂದು ಮಾತು ತಿಳಿಸಿ, ದಾರಿ ಬಿಟ್ಟು ಬಡಿಸಿ, ಎಲೆ ಲೋಟ ಎತ್ತಿಕೊಂಡು ಬರಬೇಕು. ಸರ್ಕಾರ ಮಾಡಬೇಕಾದ್ದು ಇನ್ನೂ ಸರಳ. ಬೇಯಿಸಿದ ಅನ್ನವನ್ನು ಅಪರಾಧದ ವಸ್ತುವಾಗಿಸುವ, ತೋರಿಕೆಯನ್ನೇ ಸಾಕ್ಷಿ ಮಾಡುವ ಮಾತುಗಳನ್ನು 1975ರ ಕಾಯ್ದೆಯಿಂದ ತೆಗೆಯಬೇಕು. ಆ ತಿದ್ದುಪಡಿಗೆ ಕರ್ನಾಟಕ ವಿಧಾನಮಂಡಲವೇ ಸಾಕು, ದೆಹಲಿಯ ಒಪ್ಪಿಗೆಗೆ ಕಾಯಬೇಕಿಲ್ಲ.